ಮುದ್ದೆ ತೂಗಿ ನೋಡಿ, ಪಾದ ಮುಟ್ಟಿ ನೋಡಿ

ಸಕ್ಕರೆ ಕಾಯಿಲೆ ಇರುವವರು ಗುಂಪಾಗಿ ಕೂತು ಕಲಿಯುವ ಬಗ್ಗೆ ಹಾಸನ ಜಿಲ್ಲೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ. ಇಲ್ಲಿನ ಅಂಕಿಗಳು ಸಾಮಾನ್ಯವಾಗಿ ದೊಡ್ಡವರಿಗೆ ಹೇಳುವಂಥವು. ಬಸುರಿಯರು, ಮಕ್ಕಳು, ತೀರಾ ವಯಸ್ಸಾದವರು, ಕಿಡ್ನಿ ತೊಂದರೆ ಇರುವವರು ತಮ್ಮ ಡಾಕ್ಟರು ಹೇಳಿದ ಅಂಕಿಯನ್ನೇ ಹಿಡಿಯಬೇಕು.

ನಮ್ಮೂರಲ್ಲಿ ಶುಗರ್ ಇರುವವರು ಹದಿನಾರು ಜನ. ಹೋದ ವರ್ಷ ಸಭೆ ಸೇರಿಸಿ ಡಾಕ್ಟರಿಂದ ಭಾಷಣ ಮಾಡಿಸಿದೆವು. ಚೆನ್ನಾಗಿಯೇ ಹೇಳಿದರು. ಎರಡನೇ ಸಭೆಗೆ ಬಂದವರು ಮೂರೇ ಜನ. ಮತ್ತೆ ಶುರು ಮಾಡಬೇಕು ಅಂತಿದ್ದೇವೆ. ಹೇಗೆ ನಡೆಸಿದರೆ ಜನ ಉಳಿಯುತ್ತಾರೆ?
— ಆಶಾ ಕಾರ್ಯಕರ್ತೆ, ಅರಸೀಕೆರೆ ತಾಲ್ಲೂಕು

ಅನ್ನ ಕಮ್ಮಿ ಮಾಡಿ, ನಡೆಯಿರಿ, ಮಾತ್ರೆ ತಪ್ಪಿಸಬೇಡಿ. ಇದು ನಿಮ್ಮ ಹದಿನಾರು ಜನಕ್ಕೂ ಮೊದಲೇ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದ್ದು ಬೇರೆ: ನಾನು ತಿನ್ನುತ್ತಿರುವುದು ಎಷ್ಟು, ಅದು ನನ್ನ ರಕ್ತದಲ್ಲಿ ಏನು ಮಾಡುತ್ತಿದೆ, ನಾಳೆ ಬೆಳಿಗ್ಗೆ ನಾನು ಯಾವುದನ್ನು ಬದಲಿಸಬೇಕು. ಇದನ್ನು ಯಾರೂ ಹೇಳಿಕೊಡಲಾರರು, ಕೈಯಾರೆ ಮಾಡಿ ನೋಡಬೇಕು. ಹಾಗಾಗಿ ಭಾಷಣ ಬಿಡಿ. ಪ್ರತಿ ಸಭೆಗೂ ಕೈಗೆ ಒಂದು ಕೆಲಸ ಇಟ್ಟುಕೊಳ್ಳಿ.

ಹದಿನಾರು ಜನ ಒಂದೇ ಗುಂಪಿಗೆ ಹೆಚ್ಚು. ಎಂಟೆಂಟು ಜನರ ಎರಡು ಗುಂಪು ಮಾಡಿ. ಹನ್ನೆರಡು ದಾಟಿದರೆ ಮಾತಾಡುವವರೇ ಮಾತಾಡುತ್ತಾರೆ, ಹಿಂದೆ ಕೂತವರು ಬಾಯಿ ಬಿಡುವುದಿಲ್ಲ. ಪ್ರತಿಯೊಬ್ಬರೂ ಮನೆಯಿಂದ ಒಬ್ಬರನ್ನು ಕರೆತರಲಿ, ಅದೂ ಅಡುಗೆ ಮಾಡುವವರನ್ನು. ಗಂಡಸು ಕಲಿತು ಹೋಗಿ ಹೆಂಡತಿಗೆ ಹೇಳುವಷ್ಟರಲ್ಲಿ ಅರ್ಧ ಮರೆತಿರುತ್ತಾನೆ. ಹೊತ್ತು ಒಂದೂವರೆ ಗಂಟೆ ಸಾಕು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಇಟ್ಟರೆ ಯಾರೂ ಬರುವುದಿಲ್ಲ. ಹನ್ನೊಂದರಿಂದ ಹನ್ನೆರಡೂವರೆ ಒಳ್ಳೆಯದು. ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಇರುವ ದಿನ ನೋಡಿಕೊಳ್ಳಿ, ರಕ್ತ ಚುಚ್ಚಿ ನೋಡುವ ಕೆಲಸ ಅವರ ಎದುರಿಗೇ ಆಗಲಿ.

ಮೊದಲ ಕಾಲು ಗಂಟೆ, ಹೋದ ಸಭೆಯಿಂದ ಈಚೆಗೆ ಏನಾಯಿತು ಎಂದು ಒಬ್ಬೊಬ್ಬರೂ ಒಂದೆರಡು ಮಾತು ಹೇಳಲಿ. ನಡುವಿನ ಒಂದು ಗಂಟೆ ಆ ದಿನದ ಕೈಕೆಲಸಕ್ಕೆ. ಒಂದು ಸಲ ಮುದ್ದೆ, ಅನ್ನ ತೂಗುವುದು. ಒಂದು ಸಲ ಗ್ಲುಕೋಮೀಟರ್, ಅಂದರೆ ರಕ್ತದ ಸಕ್ಕರೆ ಅಳೆಯುವ ಮೀಟರ್. ಒಂದು ಸಲ ಪಾದ ನೋಡುವುದು. ಒಂದು ಸಲ ಲೋ ಶುಗರ್, ಅಂದರೆ ಸಕ್ಕರೆ ತೀರಾ ಇಳಿಯುವುದು. ಒಂದು ಸಲ ಪ್ರತಿಯೊಬ್ಬರೂ ತಮ್ಮ ಮಾತ್ರೆ, ಇನ್ಸುಲಿನ್ ಚೀಲವನ್ನೇ ತಂದು ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ನೋಡುವುದು. ಇನ್ನೊಂದು ಸಲ ಜ್ವರ, ವಾಂತಿ ಬಂದ ದಿನ ಏನು ಮಾಡಬೇಕು ಎಂಬುದು. ಹೀಗೆ ಆರು ಸಭೆ ಆಗುತ್ತದೆ. ಮೊದಲ ಮೂರನ್ನು ಹದಿನೈದು ದಿನಕ್ಕೊಂದರಂತೆ ಮಾಡಿ, ಆಮೇಲೆ ತಿಂಗಳಿಗೊಂದು.

ಕೊನೆಯ ಕಾಲು ಗಂಟೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಪ್ರತಿಯೊಬ್ಬರೂ ಮುಂದಿನ ಸಭೆಯವರೆಗೆ ತಾವು ಮಾಡುವ ಒಂದೇ ಒಂದು ಕೆಲಸ ಹೇಳಬೇಕು, ಅದನ್ನು ನೀವು ಪುಸ್ತಕದಲ್ಲಿ ಬರೆಯಬೇಕು. "ಇನ್ನು ಮೇಲೆ ನಡೆಯುತ್ತೇನೆ" ಎಂದರೆ ಬರೆಯಬೇಡಿ. "ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಊಟವಾದ ಮೇಲೆ ಡೇರಿ ತನಕ ಹೋಗಿ ಬರುತ್ತೇನೆ" ಎಂದರೆ ಬರೆಯಿರಿ. ಆಮೇಲೆ ಕೇಳಿ: ಇದನ್ನು ಮಾಡೇ ಮಾಡುತ್ತೀರಿ ಎನ್ನುವ ನಂಬಿಕೆ ಹತ್ತಕ್ಕೆ ಎಷ್ಟು? ಏಳಕ್ಕಿಂತ ಕಡಿಮೆ ಹೇಳಿದರೆ ಕೆಲಸವನ್ನೇ ಚಿಕ್ಕದು ಮಾಡಿ, ಮೂರು ದಿನ ಇದ್ದದ್ದನ್ನು ಎರಡಕ್ಕೆ ಇಳಿಸಿ. ಮಾಡಿ ಮುಗಿಸಿದ ಚಿಕ್ಕ ಕೆಲಸವೇ ಅವರನ್ನು ಮುಂದಿನ ಸಭೆಗೆ ಕರೆತರುತ್ತದೆ. ಮಾಡಲಾಗದ ದೊಡ್ಡ ಮಾತು ಕೊಟ್ಟವರು ಮುಖ ತೋರಿಸಲು ನಾಚಿ ಮನೆಯಲ್ಲೇ ಉಳಿಯುತ್ತಾರೆ. ನಿಮ್ಮ ಎರಡನೇ ಸಭೆಗೆ ಜನ ಬಾರದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಬೇಕಾದ ಸಾಮಾನು ಹೆಚ್ಚಿಲ್ಲ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಒಂದು ಗ್ಲುಕೋಮೀಟರ್, ತಲೆಗೊಂದು ಸ್ಟ್ರಿಪ್ (ರಕ್ತದ ಹನಿ ಇಡುವ ಪಟ್ಟಿ), ತಲೆಗೊಂದು ಹೊಸ ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ), ಸೋಪು ನೀರು, ಬಳಸಿದ ಸೂಜಿ ಹಾಕಲು ದಪ್ಪ ಪ್ಲಾಸ್ಟಿಕ್ ಡಬ್ಬಿ. ಚುಚ್ಚುವ ಪೆನ್ನನ್ನು ಒಬ್ಬರಿಂದೊಬ್ಬರಿಗೆ ದಾಟಿಸಬೇಡಿ. ಸೂಜಿ ಬದಲಿಸಿದರೂ ಪೆನ್ನಿನ ತುದಿಗೆ ಅಂಟಿದ ರಕ್ತದಿಂದ ಹೆಪಟೈಟಿಸ್ ಬಿ ಹರಡಬಲ್ಲದು. ಒತ್ತಿದೊಡನೆ ಚುಚ್ಚಿ ತಾನೇ ಒಳಹೋಗುವ ಒಂದೇ ಬಳಕೆಯ ಲ್ಯಾನ್ಸೆಟ್ ತರಿಸಿ.

ಇಷ್ಟೆಲ್ಲ ಶ್ರಮಕ್ಕೆ ಫಲವಿದೆಯೇ? ಇದೆ. ವೈದ್ಯಕೀಯ ಅಧ್ಯಯನಗಳನ್ನು ಜಾಲಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2005ರ ವಿಮರ್ಶೆ 11 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಎಚ್‌ಬಿಎ1ಸಿ, ಅಂದರೆ ರಕ್ತದಲ್ಲಿನ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ, ಗುಂಪಿನಲ್ಲಿ ಕಲಿತ ಟೈಪ್ 2 (ಹೆಚ್ಚಾಗಿ ದೊಡ್ಡವರಲ್ಲಿ ಬರುವ ಬಗೆ) ರೋಗಿಗಳಲ್ಲಿ ಉಳಿದವರಿಗಿಂತ ನಾಲ್ಕರಿಂದ ಆರು ತಿಂಗಳಲ್ಲಿ 1.4 ಶೇಕಡಾ ಅಂಶದಷ್ಟು ಕಡಿಮೆ ಇತ್ತು. ಒಂದು ವರ್ಷದ ಹೊತ್ತಿಗೆ ಆ ಅಂತರ 0.8 ಆಗಿತ್ತು. ಆ ಇಳಿತವನ್ನು ಗಮನಿಸಿ. ಬ್ರಿಟನ್ನಿನ ಡೆಸ್ಮಂಡ್ ಕಾರ್ಯಕ್ರಮದಲ್ಲಿ ಹೊಸದಾಗಿ ಕಾಯಿಲೆ ಗೊತ್ತಾದವರಿಗೆ ಒಟ್ಟು ಆರು ಗಂಟೆ ಪಾಠ ಹೇಳಿ ಕಳಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ತೂಕ ಇಳಿಯಿತು, ಸಿಗರೇಟು ಬಿಟ್ಟವರು ಹೆಚ್ಚಾದರು, ಆದರೆ ವರ್ಷದ ಕೊನೆಗೆ ಎಚ್‌ಬಿಎ1ಸಿಯಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಇಟಲಿಯ ಟ್ಯೂರಿನ್‌ನಲ್ಲಿ ಹತ್ತತ್ತು ಜನರ ಗುಂಪುಗಳನ್ನು ಮೂರು ತಿಂಗಳಿಗೊಮ್ಮೆಯಂತೆ ವರ್ಷಗಟ್ಟಲೆ ನಡೆಸಿದರು, ಅಲ್ಲಿ ಲಾಭ ಉಳಿದುಕೊಂಡಿತು. ಆದ್ದರಿಂದ ಆರು ಸಭೆ ಮುಗಿದ ಮೇಲೆ ಗುಂಪನ್ನು ಬಿಚ್ಚಬೇಡಿ. ಮೂರು ತಿಂಗಳಿಗೊಮ್ಮೆ ಸೇರುವುದು ನಡೆಯುತ್ತಿರಲಿ.

ಅನ್ನ ಬಿಟ್ಟು ಮೂರು ಹೊತ್ತೂ ರಾಗಿ ಮುದ್ದೆ ಉಣ್ಣುತ್ತಿದ್ದೇನೆ. ಆದರೂ ಊಟವಾದ ಮೇಲೆ ಶುಗರ್ 240, 260 ಬರುತ್ತದೆ. ರಾಗಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರಲ್ಲ?
— ಓದುಗರು, ಚನ್ನರಾಯಪಟ್ಟಣ

ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಸಕ್ಕರೆ ಏರಿಸುವುದು ಹಿಟ್ಟಿನ ಅಂಶ, ಕಾರ್ಬೊಹೈಡ್ರೇಟ್. ಅದು 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ, ಅಕ್ಕಿಯಲ್ಲಿ 78. ನೀವು ಅಕ್ಕಿ ಬಿಟ್ಟು ಗಳಿಸಿದ್ದು ಅಷ್ಟೇ ವ್ಯತ್ಯಾಸ. ಅದನ್ನು ಮುದ್ದೆಯ ಗಾತ್ರ ನುಂಗಿ ಹಾಕುತ್ತದೆ.

ಗುಂಪಿನಲ್ಲಿ ಇದನ್ನು ಹೀಗೆ ಮಾಡಿಸಬೇಕು. ಹಿಟ್ಟನ್ನು ತೂಗಿ ಎಸರಿಗೆ ಹಾಕಿ, ತೊಳಸಿ, ಇಳಿಸಿದ ಮೇಲೆ ಒಟ್ಟು ಮುದ್ದೆಯನ್ನು ತೂಗಿ. 400 ಗ್ರಾಂ ಹಿಟ್ಟು 1,200 ಗ್ರಾಂ ಮುದ್ದೆಯಾದರೆ ಮೂರರಲ್ಲೊಂದು ಪಾಲು ಹಿಟ್ಟು ಎಂದಾಯಿತು. ಈಗ ಒಬ್ಬೊಬ್ಬರೂ ತಾವು ದಿನಾ ಉಣ್ಣುವಷ್ಟು ದೊಡ್ಡ ಮುದ್ದೆ ಕಟ್ಟಿ ತಕ್ಕಡಿಯ ಮೇಲಿಡಲಿ. ಮುದ್ದೆ 420 ಗ್ರಾಂ ತೂಗಿದರೆ ಅದರಲ್ಲಿ ಹಿಟ್ಟು 140 ಗ್ರಾಂ, ಕಾರ್ಬೊಹೈಡ್ರೇಟ್ ಹತ್ತಿರ ಹತ್ತಿರ 100 ಗ್ರಾಂ. ಅದಾದ ಮೇಲೆ ಕೆಲವರಿಗೆ ಸಾರಿಗೆಂದು ಒಂದು ಹಿಡಿ ಅನ್ನವೂ ಬೇಕು. ಪಲ್ಯಕ್ಕೆ ನಮ್ಮ ಹಾಸನದ ಆಲೂಗಡ್ಡೆ. ಆಲೂಗಡ್ಡೆಯನ್ನು ತರಕಾರಿ ಲೆಕ್ಕದಲ್ಲಿ ಹಿಡಿಯಬಾರದು, 100 ಗ್ರಾಂನಲ್ಲಿ 15ರಿಂದ 17 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಅದು ಮುದ್ದೆಯ ಪಾಲಿನಲ್ಲೇ ಸೇರಬೇಕು.

ಆಮೇಲೆ ನಿಮ್ಮದೇ ರಕ್ತದಲ್ಲಿ ಪರೀಕ್ಷೆ. ಒಂದು ದಿನ ಮಾಮೂಲಿ ಮುದ್ದೆ ಉಂಡು, ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ ಶುಗರ್ ನೋಡಿ. ಊಟ ಮುಗಿದ ಮೇಲಿಂದ ಲೆಕ್ಕ ಹಿಡಿಯಬೇಡಿ. ಇನ್ನೊಂದು ದಿನ ಅದೇ ಹೊತ್ತಿಗೆ ಅರ್ಧ ಮುದ್ದೆ, ಅನ್ನ ಇಲ್ಲ, ಜೊತೆಗೆ ಎರಡು ಸೌಟು ಬಸ್ಸಾರಿನ ಸೊಪ್ಪು ಕಾಳು ಅಥವಾ ಹುರುಳಿಕಾಳು. ಸೊಪ್ಪು ಕಾಳನ್ನು ಮೊದಲು ತಿಂದು ಆಮೇಲೆ ಮುದ್ದೆ ಮುರಿಯಿರಿ. ಆವತ್ತೂ ಎರಡು ಸಲ ನೋಡಿ. ಊಟದ ನಂತರದ ಅಂಕಿ 180ರ ಒಳಗೆ ಬರಬೇಕೆಂಬುದು ಗುರಿ, ಊಟಕ್ಕೆ ಮುಂಚೆ 80ರಿಂದ 130. ನಾಲ್ಕು ಸ್ಟ್ರಿಪ್ ಖರ್ಚಾಗುತ್ತದೆ. ಅದಕ್ಕೆ ಸಿಗುವ ಉತ್ತರ ಯಾವ ಪಥ್ಯದ ಪಟ್ಟಿಯಲ್ಲೂ ಸಿಗುವುದಿಲ್ಲ.

ರಾಗಿ ಗಂಜಿ, ಅಂಬಲಿಯ ಮಾತು ಬೇರೆ. ನುಣ್ಣಗಿನ ಹಿಟ್ಟು ನೀರಾಗಿ ಒಳಗೆ ಹೋದರೆ ಮುದ್ದೆಗಿಂತ ಬೇಗ ಸಕ್ಕರೆ ಏರುತ್ತದೆ. ಶುಗರ್ ಇದೆಯೆಂದು ಬೆಳಿಗ್ಗೆ ದೊಡ್ಡ ಲೋಟದಲ್ಲಿ ಗಂಜಿ ಕುಡಿಯುವವರು ಅದನ್ನೂ ಹೀಗೆಯೇ ಎರಡು ಸಲ ಪರೀಕ್ಷಿಸಿ ನೋಡಲಿ. ಬೆಲ್ಲದ ಕಾಫಿಯೂ ಸಕ್ಕರೆ ಕಾಫಿಯಷ್ಟೇ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಕುಡಿದರೆ ಸುಮಾರು 40 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗುತ್ತದೆ.

ಮನೆಯ ಮೀಟರ್‌ನಲ್ಲಿ 212, ಅದೇ ಗಂಟೆಯಲ್ಲಿ ಲ್ಯಾಬ್‌ನಲ್ಲಿ 190. ಯಾವುದನ್ನು ನಂಬಲಿ?
— ಓದುಗರು, ಅರಕಲಗೂಡು

ಎರಡನ್ನೂ. ಒಳ್ಳೆಯ ಮೀಟರ್ ಕೂಡ ಲ್ಯಾಬ್‌ಗಿಂತ ಶೇಕಡಾ 15ರಷ್ಟು ಆಚೀಚೆ ತೋರಿಸಬಹುದು. ಲ್ಯಾಬ್ 190 ಇದ್ದಾಗ ಮೀಟರ್ 162ರಿಂದ 218ರ ನಡುವೆ ಎಲ್ಲಿ ತೋರಿಸಿದರೂ ಕೆಟ್ಟಿಲ್ಲ ಎಂದೇ ಅರ್ಥ. ನೂರು ಅಂಕಿ ವ್ಯತ್ಯಾಸ ಬಂದರೆ ಮೊದಲು ಕೈ ನೋಡಿಕೊಳ್ಳಿ. ಹಲಸಿನ ತೊಳೆ ಬಿಡಿಸಿದ, ಬೆಲ್ಲ ಮುರಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಮೀಟರ್ ಹಣ್ಣಿನ ಸಕ್ಕರೆಯನ್ನೂ ಎಣಿಸುತ್ತದೆ. ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ, ಬೆರಳ ತುದಿಯಲ್ಲಲ್ಲ, ಪಕ್ಕದಲ್ಲಿ ಚುಚ್ಚಿ. ಎರಡನೇ ಅನುಮಾನ ಸ್ಟ್ರಿಪ್ ಮೇಲೆ. ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ. ಒಂದನ್ನು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಒತ್ತಿ. ನಾಲ್ಕನ್ನು ಹೊರತೆಗೆದು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳುವುದು ಬೇಡ.

ಕಾಫಿ ಕುಯಿಲಿನ ಸಮಯದಲ್ಲಿ ತೋಟಕ್ಕೆ ಬರುವವರಲ್ಲಿ ನಾಲ್ಕೈದು ಜನಕ್ಕೆ ಶುಗರ್ ಇದೆ. ಹನ್ನೊಂದು ಗಂಟೆ ಹೊತ್ತಿಗೆ ಬೆವರಿ, ಕೈ ನಡುಗಿ ಕೂತುಬಿಡುತ್ತಾರೆ. ಬಿಸ್ಕತ್ತು ಕೊಡುತ್ತೇವೆ. ಸರಿಯೇ?
— ತೋಟದ ರೈಟರ್, ಸಕಲೇಶಪುರ ತಾಲ್ಲೂಕು

ನೀವು ಗಮನಿಸಿದ್ದು ದೊಡ್ಡ ವಿಷಯ. ಆದರೆ ಬಿಸ್ಕತ್ತು ನಿಧಾನ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ, ಚಾಕೊಲೇಟ್ ಕೂಡ ಹಾಗೇ.

ಶುಗರ್ 70ಕ್ಕಿಂತ ಕೆಳಗೆ ಬಂದರೆ ಲೋ. 54ಕ್ಕಿಂತ ಕೆಳಗೆ ಅಪಾಯ, ಆಗ ಮಾತು ತೊದಲುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತದೆ. ಮೀಟರ್ ಇಲ್ಲದಿದ್ದರೆ ಪರೀಕ್ಷೆಗೆ ಕಾಯಬೇಡಿ. ಮಟ್ಟಸವಾಗಿ ಮೂರು ಚಮಚ ಸಕ್ಕರೆ, ಅಂದರೆ 15 ಗ್ರಾಂ, ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ. ಹದಿನೈದು ನಿಮಿಷ ಕೂರಿಸಿ. ಆಗಲೂ ನಡುಕ ಇದ್ದರೆ ಮತ್ತೆ ಅಷ್ಟೇ. ಸರಿಹೋದ ಮೇಲೆ ರೊಟ್ಟಿಯೋ ಅನ್ನವೋ ತಿನ್ನಿಸಿ, ಇಲ್ಲವಾದರೆ ಗಂಟೆಯೊಳಗೆ ಮತ್ತೆ ಇಳಿಯುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ತೋಟದೊಳಗೆ ಸಿಗ್ನಲ್ ಸಿಗುವ ಜಾಗ ಯಾವುದು, ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು ಎನ್ನುವುದನ್ನು ಕುಯಿಲು ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿಟ್ಟಿರಿ.

ಇದು ಯಾಕಾಗುತ್ತದೆ? ಗ್ಲಿಮಿಪಿರೈಡ್‌ನಂಥ ಮಾತ್ರೆಯೂ ಇನ್ಸುಲಿನ್ನೂ ನೀವು ತಿಂದಿರೋ ಇಲ್ಲವೋ ನೋಡುವುದಿಲ್ಲ, ಸಕ್ಕರೆ ಇಳಿಸುತ್ತಲೇ ಇರುತ್ತವೆ. ಮಳೆಗಾಲದಲ್ಲಿ ಮನೆಯಲ್ಲಿದ್ದಾಗ ಬರೆದ ಡೋಸು ಡಿಸೆಂಬರ್‌ನಲ್ಲಿ ಇಳಿಜಾರಿನಲ್ಲಿ ಮೂಟೆ ಹೊರುವಾಗ ಹೆಚ್ಚಾಗುತ್ತದೆ, ಯಾಕೆಂದರೆ ದುಡಿಯುವ ಸ್ನಾಯು ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಆ ಎಳೆತ ಕೆಲಸ ನಿಂತ ಮೇಲೂ ಇಪ್ಪತ್ತನಾಲ್ಕು ಗಂಟೆಯವರೆಗೆ ಇರಬಹುದು. ಹಾಗಾಗಿ ಹಗಲು ದುಡಿದವರಿಗೆ ಬೆಳಗಿನ ಜಾವ ಲೋ ಆಗುವುದುಂಟು. ರಾತ್ರಿ ಕುಡಿದಿದ್ದರೆ ಇನ್ನೂ ಅಪಾಯ. ಕುಡಿದದ್ದನ್ನು ಕರಗಿಸುವ ಕೆಲಸದಲ್ಲಿ ತೊಡಗಿದ ಲಿವರ್ ಸಕ್ಕರೆ ಬಿಡುವುದಿಲ್ಲ, ಜೊತೆಗಿದ್ದವರು ಕುಡಿದು ಬಿದ್ದಿದ್ದಾನೆ ಎಂದುಕೊಳ್ಳುತ್ತಾರೆ. ಕುಯಿಲಿಗೆ ಹೋಗುವ ವಾರ ಮೊದಲೇ ಡಾಕ್ಟರ ಬಳಿ ಡೋಸ್ ಬಗ್ಗೆ ಕೇಳಬೇಕು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಲೋ ಆಗುವುದು ಅಪರೂಪ. ಗ್ಲಿಮಿಪಿರೈಡ್‌ನಿಂದ ಲೋ ಆದವರನ್ನು ಮಾತ್ರ ಸರಿಹೋದರು ಎಂದು ಒಂಟಿಯಾಗಿ ಮನೆಗೆ ಕಳಿಸಬೇಡಿ. ಆ ಮಾತ್ರೆ ದಿನವಿಡೀ ಕೆಲಸ ಮಾಡುತ್ತದೆ, ಮತ್ತೆ ಇಳಿಯುತ್ತದೆ. ಆವತ್ತೇ ಆಸ್ಪತ್ರೆಗೆ ತೋರಿಸಿ.

ಗುಂಪಿನ ಒಂದು ಸಭೆಯನ್ನು ಪೊಟ್ಟಣ ಕಟ್ಟುವುದಕ್ಕೇ ಇಡಬಹುದು. ಒಬ್ಬೊಬ್ಬರೂ 15 ಗ್ರಾಂ ಸಕ್ಕರೆ ತೂಗಿ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಬಾಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಮುಚ್ಚಲಿ. ತಲೆಗೆ ಮೂರು ಪೊಟ್ಟಣ: ಒಂದು ಅಂಗಿಯ ಜೇಬಿಗೆ, ಒಂದು ಬುತ್ತಿಯ ಚೀಲಕ್ಕೆ, ಒಂದು ಹಾಸಿಗೆಯ ಪಕ್ಕಕ್ಕೆ. ನಡುಗುವ ಕೈಯಲ್ಲಿ ಹರಿಯಲು ಬರುತ್ತದೆಯೇ ಎಂದು ಅಲ್ಲೇ ಹರಿದು ನೋಡಬೇಕು. ಕೊಟ್ಟೆ ದಪ್ಪವಿದ್ದರೆ ಮೂಲೆಯಲ್ಲಿ ಸಣ್ಣ ಕಚ್ಚು ಕೊಡಿ.

ನಮ್ಮ ಗುಂಪಿನಲ್ಲಿ ಒಬ್ಬರು ಹಾಗಲಕಾಯಿ ರಸ ಕುಡಿದು ಮಾತ್ರೆ ಬಿಟ್ಟೆ, ಏನೂ ಆಗಿಲ್ಲ ಎನ್ನುತ್ತಾರೆ. ಇನ್ನಿಬ್ಬರು ಅದನ್ನೇ ಶುರು ಮಾಡಿದ್ದಾರೆ. ಎಲ್ಲರೆದುರು ಬೈದರೆ ಬರುವುದನ್ನೇ ಬಿಡುತ್ತಾರೆ.
— ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ಬೇಲೂರು ತಾಲ್ಲೂಕು

ಬೈಯಬೇಡಿ, ಅಳೆಯಿರಿ. "ಏನೂ ಆಗಿಲ್ಲ" ಎನ್ನುವುದಕ್ಕೆ ಸಾಕ್ಷಿ ಮೈಯ ಅನಿಸಿಕೆ. ಸಕ್ಕರೆ 250 ಇದ್ದರೂ ಎಷ್ಟೋ ಜನಕ್ಕೆ ಏನೂ ಅನಿಸುವುದಿಲ್ಲ, ಕಣ್ಣಿನ ನರ, ಕಿಡ್ನಿ ಸದ್ದಿಲ್ಲದೆ ಸವೆಯುತ್ತಿರುತ್ತವೆ. ಅವರ ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ ಎರಡನ್ನೂ ಮಾಡಿಸಲು ಹೇಳಿ. ಎಚ್‌ಬಿಎ1ಸಿ 7 ಎಂದರೆ ಸರಾಸರಿ ಸಕ್ಕರೆ ಸುಮಾರು 154, 8 ಎಂದರೆ 183, 9 ಎಂದರೆ 212. ಸಭೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಬಂದರೂ ಈ ಅಂಕಿ ಬದಲಾಗುವುದಿಲ್ಲ. ರಕ್ತಹೀನತೆ ಇರುವ ಹೆಂಗಸರಲ್ಲಿ ಮಾತ್ರ ಇದು ದಾರಿ ತಪ್ಪಿಸಬಹುದು: ಕಬ್ಬಿಣದ ಕೊರತೆ ಇದ್ದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಹಾಗಲಕಾಯಿ ತಿನ್ನಲಿ, ತರಕಾರಿಯಾಗಿ ಒಳ್ಳೆಯದೇ. ಮಾತ್ರೆಯ ಜಾಗಕ್ಕೆ ಮಾತ್ರ ಬೇಡ. ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ಹುಟ್ಟದ ಬಗೆಯ ಕಾಯಿಲೆ ಇರುವ ಮಗುವೋ ಯುವಕನೋ ಗುಂಪಿನಲ್ಲಿದ್ದರೆ ಈ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಅವರು ಇನ್ಸುಲಿನ್ ಒಂದೆರಡು ದಿನ ಬಿಟ್ಟರೂ ರಕ್ತ ಆಮ್ಲವಾಗಿ ಜೀವಕ್ಕೇ ಅಪಾಯ. ಇನ್ನೊಂದು ನಿಯಮವನ್ನು ಮೊದಲ ಸಭೆಯಲ್ಲೇ ಗೋಡೆಗೆ ಅಂಟಿಸಿ: ಇಲ್ಲಿ ಊಟ, ನಡಿಗೆ, ಪಾದದ ಮಾತನ್ನು ಒಬ್ಬರಿಂದೊಬ್ಬರು ಕಲಿಯಬಹುದು, ಮಾತ್ರೆಯ ಹೆಸರು ಮತ್ತು ಡೋಸನ್ನು ಒಬ್ಬರಿಂದೊಬ್ಬರು ತೆಗೆದುಕೊಳ್ಳುವಂತಿಲ್ಲ.

ಅಮ್ಮನಿಗೆ ಆಸ್ಪತ್ರೆಯಲ್ಲಿ ಕೊಟ್ಟ ಇನ್ಸುಲಿನ್ ಬಾಟಲಿ, ಅಂಗಡಿಯಲ್ಲಿ ಕೊಟ್ಟ ಸಿರಿಂಜು. 20 ಯೂನಿಟ್ ಹೇಳಿದ್ದಾರೆ, ಹಾಗೇ ಎಳೆಯುತ್ತಿದ್ದೇವೆ. ಶುಗರ್ ಇಳಿಯುತ್ತಲೇ ಇಲ್ಲ.
— ಓದುಗರು, ಹೊಳೆನರಸೀಪುರ

ಇವತ್ತೇ ಬಾಟಲಿಯ ಚೀಟಿ ಮತ್ತು ಸಿರಿಂಜಿನ ಮೇಲಿನ ಬರಹ ಎರಡನ್ನೂ ಓದಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರ್‌ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜು. ಇನ್ಸುಲಿನ್ ಪೆನ್ನಿನಲ್ಲಿ ಬರುವುದು 100 ಯೂನಿಟ್‌ನದು. 100ರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.2 ಮಿಲಿ, ಅಂದರೆ 8 ಯೂನಿಟ್ ಮಾತ್ರ. ನಿಮ್ಮ ತೊಂದರೆಗೆ ಇದೇ ಕಾರಣ ಇರಬಹುದು. ಇದರ ತಿರುಗುಮುರುಗು ಇನ್ನೂ ಭಯಂಕರ: 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ಕ್ಕೆ ಎಳೆದರೆ 50 ಯೂನಿಟ್ ಹೋಗುತ್ತದೆ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವುದು ಬೇಡವೇ ಬೇಡ. ಸಿರಿಂಜು ತಪ್ಪಿದ್ದು ಖಚಿತವಾದರೆ ಸರಿಯಾದದ್ದಕ್ಕೆ ಬದಲಿಸುವ ಮುನ್ನ ಡಾಕ್ಟರಿಗೆ ತಿಳಿಸಿ. ಇಷ್ಟು ದಿನ ಹೋಗುತ್ತಿದ್ದದ್ದು 8, ಒಮ್ಮೆಗೇ 20ಕ್ಕೆ ಹೋದರೆ ಲೋ ಆಗಬಹುದು.

ಎರಡೂ ಹೊಂದಿಕೆಯಾಗಿದ್ದರೆ ಹೊಟ್ಟೆ ಮುಟ್ಟಿ ನೋಡಿ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಚುಚ್ಚಿದರೆ ಚರ್ಮದಡಿ ರಬ್ಬರಿನಂಥ ಗಂಟು ಬೆಳೆಯುತ್ತದೆ, ಅಲ್ಲಿಂದ ಇನ್ಸುಲಿನ್ ಒಂದು ದಿನ ಹೀರಿಕೊಂಡಂತೆ ಇನ್ನೊಂದು ದಿನ ಹೀರಿಕೊಳ್ಳುವುದಿಲ್ಲ. ಹೊಕ್ಕುಳಿನಿಂದ ಎರಡು ಬೆರಳು ಬಿಟ್ಟು, ಪ್ರತಿ ಸಲ ಒಂದು ಬೆರಳಷ್ಟು ಸರಿದು ಚುಚ್ಚಬೇಕು. ಗಂಟಿನ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋದಾಗಲೂ ಅದೇ ಡೋಸು ಹೆಚ್ಚಾಗಿ ಲೋ ಆಗಬಹುದು, ಮೊದಲ ವಾರ ಶುಗರ್ ಹೆಚ್ಚು ಸಲ ನೋಡಿ. ಹಾಲಿನ ಬಣ್ಣದ ಇನ್ಸುಲಿನ್ ಆಗಿದ್ದರೆ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಿ. ಕುಲುಕಬೇಡಿ.

ಇನ್ನೂ ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಐಸ್ ಪೆಟ್ಟಿಗೆಗೆ ತಾಗದಂತೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದರೂ ಬಳಸಬಾರದು. ಶುರು ಮಾಡಿದ ಬಾಟಲಿ ಬಿಸಿಲು, ಒಲೆಯಿಂದ ದೂರ ಹೊರಗಿದ್ದರೂ ಸುಮಾರು ನಾಲ್ಕು ವಾರ ಇರುತ್ತದೆ, ತೆರೆದ ತಾರೀಖನ್ನು ಅದರ ಮೇಲೇ ಬರೆಯಿರಿ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ ಒಳಗಿಡಿ.

ಮಳೆಗಾಲದಲ್ಲಿ ದಿನವಿಡೀ ಗಂಬೂಟು. ಕಾಲು ಜೋಮು ಹಿಡಿದಂತೆ ಇರುತ್ತದೆ. ಇಂಬಳ (ಜಿಗಣೆ) ಕಚ್ಚಿದ್ದೂ ಗೊತ್ತಾಗುವುದಿಲ್ಲ. ಏನು ಮಾಡಬೇಕು?
— ಓದುಗರು, ಹೆತ್ತೂರು

ಇಂಬಳ ಕಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಅದರ ಮೇಲೆ ಹೋಗಬೇಡಿ. ಆದರೆ ಜೋಮು ನಿಜವಾದ ಎಚ್ಚರಿಕೆ. ಅದನ್ನು ಉಪಕರಣವಿಲ್ಲದೆ ಪರೀಕ್ಷಿಸುವ ದಾರಿಯೊಂದಿದೆ, ಇಪ್ಸ್‌ವಿಚ್ ಟಚ್ ಟೆಸ್ಟ್ ಎನ್ನುತ್ತಾರೆ. ಗುಂಪಿನಲ್ಲಿ ಇಬ್ಬಿಬ್ಬರಾಗಿ ಮಾಡಬಹುದು. ಒಬ್ಬರು ಕಾಲು ಚಾಚಿ ಕಣ್ಣು ಮುಚ್ಚಿಕೊಳ್ಳಲಿ. ಇನ್ನೊಬ್ಬರು ತೋರುಬೆರಳಿನಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ, ಗರಿ ತಾಗಿದಂತೆ ಒಂದೆರಡು ಸೆಕೆಂಡು ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಗೊತ್ತಾಗಲಿಲ್ಲವೆಂದು ಎರಡನೇ ಸಲ ಮುಟ್ಟಬಾರದು. ಮುಟ್ಟಿದಾಗ ಎಡವೋ ಬಲವೋ ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಪಾದದ ಸ್ಪರ್ಶ ಕುಂದಿದೆ ಎಂದು ಲೆಕ್ಕ, ಡಾಕ್ಟರಿಗೆ ತೋರಿಸಿ.

ಸ್ಪರ್ಶ ಕುಂದಿದ ಕಾಲಿಗೆ ಕಣ್ಣೇ ಕಾವಲು. ರಾತ್ರಿ ಬೂಟು ಬಿಚ್ಚಿದ ಮೇಲೆ ಅಂಗಾಲಿನ ಕೆಳಗೆ ಕನ್ನಡಿ ಇಟ್ಟು ನೋಡಿ, ಬೆರಳ ಸಂದಿ ಬಿಡಿಸಿ ನೋಡಿ. ಸಂದಿಯಲ್ಲಿ ಬಿಳಿಚಿ ಮೆತ್ತಗಾಗಿದ್ದರೆ ಅದು ಬೂಟಿನ ತೇವಕ್ಕೆ ಬಂದ ಹುಳುಕು, ಆ ಬಿರುಕಿನಿಂದಲೇ ಸೋಂಕು ಒಳಹೋಗುವುದು. ತೊಳೆದು ಹಳೆ ಹತ್ತಿ ಬಟ್ಟೆಯಲ್ಲಿ ಸಂದಿ ಸಂದಿ ಒರೆಸಿ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸಂದಿಗೆ ಮಾತ್ರ ಬೇಡ. ಹತ್ತಿಯ ಕಾಲುಚೀಲ ಎರಡು ಜೊತೆ ಇಟ್ಟುಕೊಂಡು ಮಧ್ಯಾಹ್ನ ಊಟದ ಹೊತ್ತಿಗೆ ಬದಲಿಸಿ. ಬೂಟಿನೊಳಗೆ ರಾತ್ರಿ ಹಳೆ ಪೇಪರ್ ತುರುಕಿಟ್ಟರೆ ತೇವ ಹೀರುತ್ತದೆ. ಬೆಳಿಗ್ಗೆ ಹಾಕುವ ಮುನ್ನ ಬೋರಲು ಕೊಡವಿ, ಕೈ ಹಾಕಿ ಒಳಗೆಲ್ಲ ತಡವಿ. ಒಂದು ಸಣ್ಣ ಕಲ್ಲು ಒಳಗಿದ್ದರೂ ಸಂಜೆಯ ಹೊತ್ತಿಗೆ ಗಾಯವಾಗಿರುತ್ತದೆ.

ಇಂಬಳಕ್ಕೆ ಸುಣ್ಣ, ಬೆಂಕಿ ಕಡ್ಡಿ ಹಿಡಿಯಬೇಡಿ, ಸುಟ್ಟದ್ದು ನಿಮಗೆ ಗೊತ್ತಾಗುವುದಿಲ್ಲ. ಉಗುರನ್ನು ಅದರ ಬಾಯಿಯ ಅಡಿಗೆ ಜಾರಿಸಿ ಬಿಡಿಸಿ, ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಸ್ವಲ್ಪ ಹೊತ್ತು ಸೋರುತ್ತದೆ, ಹೆದರಬೇಡಿ. ಚಳಿಗೆ ಬಚ್ಚಲೊಲೆಯ ಮುಂದೆ ಕಾಲು ಕಾಯಿಸುವುದನ್ನು ಬಿಟ್ಟೇಬಿಡಿ. ಬಿಸಿನೀರನ್ನು ಕಾಲಿಗೆ ಹಾಕುವ ಮುನ್ನ ಮೊಣಕೈಯಿಂದ ಮುಟ್ಟಿ ನೋಡಿ. ಆಣಿಯನ್ನು ಬ್ಲೇಡಿನಲ್ಲಿ ಕೊಯ್ಯಬೇಡಿ, ಆಣಿಗೆ ಅಂಟಿಸುವ ಪಟ್ಟಿಯೂ ಬೇಡ, ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಗಾಯ ಸಣ್ಣದಾದರೂ ಮಾರನೇ ದಿನವೇ ತೋರಿಸಿ. ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಕಪ್ಪಾದರೆ ಆವತ್ತೇ.

ಸಭೆಯಲ್ಲಿ ಎಲ್ಲರ ಶುಗರ್ ಅಂಕಿಯನ್ನು ಹಲಗೆಯ ಮೇಲೆ ಬರೆಯುತ್ತಾರೆ. ಜಾಸ್ತಿ ಇದ್ದವರನ್ನು ನೋಡಿ ನಗುತ್ತಾರೆ. ಹೋಗುವುದಕ್ಕೆ ಮನಸ್ಸಾಗುತ್ತಿಲ್ಲ.
— ಓದುಗರು, ಆಲೂರು

ನಿಮ್ಮ ಬೇಸರ ನ್ಯಾಯವಾದದ್ದು, ಆ ಹಲಗೆ ತೆಗೆಯಲೇಬೇಕು. ಅಂಕಿ ಅವರವರ ಪುಸ್ತಕದಲ್ಲಿರಲಿ. ಹೇಳಿದವರ ಅಂಕಿಯ ಬಗ್ಗೆ ಮಾತ್ರ, ಅದೂ "ಹಿಂದಿನ ದಿನ ಏನಾಗಿತ್ತು" ಎಂದು ಮಾತಾಡಬೇಕು. ನಗುವ ಕಡೆ ಜನ ಸುಳ್ಳು ಅಂಕಿ ಬರೆಯತೊಡಗುತ್ತಾರೆ, ಡಾಕ್ಟರು ಆ ಸುಳ್ಳನ್ನು ನಂಬಿ ಡೋಸ್ ಬರೆಯುತ್ತಾರೆ. ಈ ಉತ್ತರವನ್ನು ಕತ್ತರಿಸಿ ಸಭೆ ನಡೆಸುವವರ ಕೈಗೆ ಕೊಡಿ.

ಹಾಸನಾಂಬೆಯ ಬಾಗಿಲು ತೆಗೆದಾಗ ಉಪವಾಸವಿದ್ದು ಸಾಲಿನಲ್ಲಿ ನಿಲ್ಲುವುದು ನಮ್ಮ ಮನೆಯ ಪದ್ಧತಿ. ಈಗ ಬೆಳಿಗ್ಗೆ ರಾತ್ರಿ ಇನ್ಸುಲಿನ್ ಇದೆ. ಹೋಗಬಹುದೇ?
— ಓದುಗರು, ಹಾಸನ

ಹೋಗಬಹುದು, ಉಪವಾಸ ಬೇಡ. ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುವ ಗುಡಿ, ಸಾಲು ಎಷ್ಟು ಗಂಟೆ ಹಿಡಿಯುತ್ತದೆಂದು ಯಾರೂ ಹೇಳಲಾಗದು. ಇನ್ಸುಲಿನ್ ಚುಚ್ಚಿಕೊಂಡು ತಿನ್ನದೆ ನಿಂತರೆ ಲೋ ಆಗುತ್ತದೆ. ತಿನ್ನುವುದಿಲ್ಲವೆಂದು ಇನ್ಸುಲಿನ್ ಪೂರ್ತಿ ಬಿಟ್ಟರೆ ಸಂಜೆಗೆ 300 ದಾಟಬಹುದು. ಅರ್ಚನೆ ಮುಗಿಯುವ ತನಕ ಏನೂ ಮುಟ್ಟುವುದಿಲ್ಲ ಎನ್ನುವುದೇ ನಿಮ್ಮ ನಿಶ್ಚಯವಾದರೆ ಒಂದು ವಾರ ಮೊದಲೇ ಡಾಕ್ಟರಿಗೆ ಹೇಳಿ ಆ ದಿನಕ್ಕೆ ಬೇರೆ ಡೋಸ್ ಬರೆಸಿಕೊಳ್ಳಿ.

ಸಾಲಿಗೆ ಹೋಗುವಾಗ ಮೂರು ಸಕ್ಕರೆ ಪೊಟ್ಟಣ, ಒಂದು ಬಾಟಲಿ ನೀರು, ಒಂದು ಹೊತ್ತಿನ ತಿಂಡಿ, ಮೀಟರ್ ಜೊತೆಯಲ್ಲಿರಲಿ. ಸಾಲಿಗೆ ಸೇರುವ ಮುನ್ನ ಒಮ್ಮೆ ನೋಡಿ. 100ಕ್ಕಿಂತ ಕಡಿಮೆ ಇದ್ದರೆ ಮೊದಲು ತಿನ್ನಿ. ಆಮೇಲೆ ಎರಡು ಗಂಟೆಗೊಮ್ಮೆ ನೋಡುತ್ತಿರಿ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ, ಮನೆಗೆ ಬಂದು ಅಂಗಾಲು ನೋಡಿ. ನಿಮ್ಮ ಜೊತೆ ಬರುವವರಿಗೆ, ನೀವು ಇದ್ದಕ್ಕಿದ್ದಂತೆ ಸಿಡುಕಿದರೆ ಅಥವಾ ಮಾತು ತಪ್ಪಿದರೆ ಜಗಳ ಮಾಡದೆ ಸಕ್ಕರೆ ನೀರು ಕುಡಿಸಬೇಕೆಂದು ಮೊದಲೇ ಹೇಳಿಡಿ. ಸಾಲಿನ ನೂಕುನುಗ್ಗಲಿನಲ್ಲಿ ಅವರು ಹಿಂದೆ ಉಳಿದುಬಿಡುವುದುಂಟು. ಆದ್ದರಿಂದ ಪೊಟ್ಟಣ ಅವರ ಚೀಲದಲ್ಲಿ ಬೇಡ, ನಿಮ್ಮ ಸೊಂಟದಲ್ಲೇ ಇರಲಿ.